ಪುಟ್ಟ ಮದರ್‌ಬೋರ್ಡ್‌, ನಾಳೆಯ ಗ್ರಾಫಿಕ್ಸ್‌ ಕಾರ್ಡ್‌: ಆಯ್ಕೆ ಹೇಗೆ?

ಮೇಜಿನ ಮೂಲೆಯಲ್ಲಿ ಹಿಡಿಸುವಂಥ ಚಿಕ್ಕ ಪಿ.ಸಿ. ಬೇಕು, ಸದ್ಯಕ್ಕೆ ಪ್ರೊಸೆಸರ್‌ ಒಳಗಿನ ಗ್ರಾಫಿಕ್ಸ್‌ ಸಾಕು, ಒಳ್ಳೆಯ ಕಾರ್ಡ್‌ ಮುಂದೆ ಹಾಕಿಕೊಂಡರಾಯಿತು ಎನ್ನುವವರು ಬಹಳ ಮಂದಿ. ಯೋಚನೆ ಸರಿಯಾದದ್ದೇ. ಆದರೆ ಗ್ರಾಫಿಕ್ಸ್‌ ಕಾರ್ಡ್‌ ಹಾಕುವುದು ಹತ್ತು ನಿಮಿಷದ ಕೆಲಸ, ಮದರ್‌ಬೋರ್ಡ್‌ ಬದಲಿಸಬೇಕೆಂದರೆ ಇಡೀ ಪಿ.ಸಿ.ಯನ್ನೇ ಬಿಚ್ಚಬೇಕು. ಆದ್ದರಿಂದ ಮುಂದೆ ಬರಲಿರುವ ಕಾರ್ಡನ್ನು ಮನಸ್ಸಿನಲ್ಲಿಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬೋರ್ಡ್‌ ಆರಿಸಿ.

1. ಅಳತೆ ನಿರ್ಧರಿಸಿ

ಚಿಕ್ಕ ಬೋರ್ಡ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮಿನಿ ಐಟಿಎಕ್ಸ್‌ 170 ಮಿ.ಮೀ. ಚೌಕ, ಅದರಲ್ಲಿ ವಿಸ್ತರಣೆಗೆ ಇರುವುದು ಒಂದೇ ಸ್ಲಾಟ್‌, ರ‍್ಯಾಮ್‌ಗೆ ಸಾಮಾನ್ಯವಾಗಿ ಎರಡು. ಮೈಕ್ರೊ ಎಟಿಎಕ್ಸ್‌ ಹೆಚ್ಚೆಂದರೆ 244 ಮಿ.ಮೀ. ಚೌಕ, ನಾಲ್ಕು ಸ್ಲಾಟ್‌ಗಳವರೆಗೆ ಜಾಗವಿರುತ್ತದೆ. ಕ್ಯಾಬಿನೆಟ್‌ನಲ್ಲಿ ಹಿಡಿಸುವುದಾದರೆ ಮೈಕ್ರೊ ಎಟಿಎಕ್ಸ್‌ ಕೊಳ್ಳುವುದೇ ಜಾಣತನ. ಐಟಿಎಕ್ಸ್‌ನ ಒಂದೇ ಸ್ಲಾಟನ್ನು ಗ್ರಾಫಿಕ್ಸ್‌ ಕಾರ್ಡ್‌ಗೆ ಕೊಟ್ಟ ಮೇಲೆ ಕ್ಯಾಪ್ಚರ್‌ ಕಾರ್ಡ್‌ ಆಗಲಿ ವೇಗದ ನೆಟ್‌ವರ್ಕ್‌ ಕಾರ್ಡ್‌ ಆಗಲಿ ಹಾಕಲು ಬೇರೆ ಜಾಗವೇ ಉಳಿಯುವುದಿಲ್ಲ.

ಮೈಕ್ರೊ ಎಟಿಎಕ್ಸ್‌ನಲ್ಲೂ ಸ್ಲಾಟ್‌ಗಳ ಸಾಲನ್ನು ಗಮನವಿಟ್ಟು ನೋಡಿ. ಒಂದು ಸ್ಲಾಟ್‌ನಿಂದ ಇನ್ನೊಂದಕ್ಕೆ 20.32 ಮಿ.ಮೀ. ಅಂತರ. ಎರಡು ಸ್ಲಾಟ್‌ ದಪ್ಪದ ಕಾರ್ಡ್‌ ಸುಮಾರು 40 ಮಿ.ಮೀ., ಮೂರು ಸ್ಲಾಟ್‌ ದಪ್ಪದ್ದು ಸುಮಾರು 60 ಮಿ.ಮೀ. ಆಕ್ರಮಿಸಿ, ಕೆಳಗಿನ ಸ್ಲಾಟ್‌ಗಳನ್ನು ಮುಚ್ಚಿಬಿಡುತ್ತದೆ. ಉದ್ದನೆಯ ಸ್ಲಾಟ್‌ ಮೇಲ್ಗಡೆ, ಇನ್ನೊಂದು ಸ್ಲಾಟ್‌ ಕಟ್ಟಕಡೆಗೆ ಇರುವ ಬೋರ್ಡ್‌ ಒಳ್ಳೆಯದು.

ಕೆಲವು ಅಗ್ಗದ ಬೋರ್ಡ್‌ಗಳು 244 ಮಿ.ಮೀ.ಗಿಂತ ಕಿರಿದಾಗಿರುತ್ತವೆ. ಅಂಥವುಗಳ ಒಂದು ಅಂಚಿನ ಕೆಳಗೆ ಸ್ಕ್ರೂ ಆಧಾರವಿರುವುದಿಲ್ಲ. 24 ಪಿನ್ನಿನ ಪವರ್‌ ಕನೆಕ್ಟರ್‌ ಒತ್ತುವಾಗ ಬೋರ್ಡ್‌ ಬಾಗುತ್ತದೆ. ಅಂಚಿನ ಕೆಳಗೆ ಬೆರಳು ಆನಿಸಿಕೊಂಡೇ ಒತ್ತಿ.

2. ಸ್ಲಾಟ್‌ನ ಉದ್ದ ನಂಬಬೇಡಿ, ಲೇನ್‌ ಎಣಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಲೇನ್‌ ಎಂದರೆ ಸ್ಲಾಟ್‌ ಮೂಲಕ ದತ್ತಾಂಶ ಸಾಗುವ ದಾರಿ. 89 ಮಿ.ಮೀ. ಉದ್ದದ ಸ್ಲಾಟ್‌ ಕಂಡ ಕೂಡಲೇ ಅದರಲ್ಲಿ 16 ಲೇನ್‌ ಇದೆ ಎಂದುಕೊಳ್ಳುತ್ತೇವೆ. ಬೋರ್ಡ್‌ನಲ್ಲಿ ಇಂಥ ಎರಡು ಸ್ಲಾಟ್‌ ಇದ್ದರೆ, ಕೆಳಗಿನದು ಸಾಮಾನ್ಯವಾಗಿ ಚಿಪ್‌ಸೆಟ್‌ (ಬೋರ್ಡ್‌ ಮೇಲಿನ ಸಹಾಯಕ ಚಿಪ್‌) ಮೂಲಕ ಬರುವ 4 ಲೇನ್‌ನದು. ಟಾರ್ಚ್‌ ಬಿಟ್ಟು ಒಳಗೆ ಇಣುಕಿ ನೋಡಿ: ಮೇಲಿನ ಸ್ಲಾಟ್‌ನಲ್ಲಿ ಲೋಹದ ಸಣ್ಣ ಕಡ್ಡಿಗಳು ತುದಿಯವರೆಗೂ ಸಾಲಾಗಿ ಹೊಳೆಯುತ್ತವೆ, ಕೆಳಗಿನದರಲ್ಲಿ ಅರ್ಧಕ್ಕೂ ಮೊದಲೇ ಸಾಲು ನಿಂತು, ಉಳಿದದ್ದು ಬರೀ ಖಾಲಿ ಪ್ಲಾಸ್ಟಿಕ್‌. ಕೊಳ್ಳುವ ಮೊದಲು ವಿವರಪಟ್ಟಿಯಲ್ಲಿ ‘ಎಕ್ಸ್‌4 ಮೋಡ್‌’ ಎಂಬ ಸಣ್ಣಕ್ಷರದ ಸಾಲು ಹುಡುಕಿ.

ಬೋರ್ಡ್‌ ಸರಿಯಿದ್ದರೂ ಪ್ರೊಸೆಸರ್‌ ಕೈಕೊಡಬಹುದು, ಏಕೆಂದರೆ ಮುಖ್ಯ ಸ್ಲಾಟ್‌ನ ಲೇನ್‌ಗಳು ಬರುವುದು ಪ್ರೊಸೆಸರ್‌ನಿಂದಲೇ. ‘ಈಗ ಕಾರ್ಡ್‌ ಇಲ್ಲವಲ್ಲ’ ಎಂದು ಒಳಗೇ ಒಳ್ಳೆಯ ಗ್ರಾಫಿಕ್ಸ್‌ ಇರುವ ಎಎಂಡಿಯ ಜಿ ಸರಣಿಯ ರೈಜನ್‌ ಪ್ರೊಸೆಸರ್‌ ಕೊಳ್ಳುವವರು ಇದನ್ನು ತಿಳಿದಿರಲೇಬೇಕು. ರೈಜನ್‌ 5 8500ಜಿ ಗ್ರಾಫಿಕ್ಸ್‌ ಕಾರ್ಡ್‌ಗೆ ಕೊಡುವುದು 4 ಲೇನ್‌ ಮಾತ್ರ. ರೈಜನ್‌ 7 8700ಜಿ ಕೊಡುವುದು 8. ಹಳೆಯ 5600ಜಿ 16 ಲೇನ್‌ ಕೊಟ್ಟರೂ, 4.0 ಸೌಲಭ್ಯವಿರುವ ಬಿ550 ಚಿಪ್‌ಸೆಟ್‌ನ ಬೋರ್ಡ್‌ನಲ್ಲಿ ಕೂಡ ಪಿಸಿಐಇ (ಈ ಸ್ಲಾಟ್‌ಗಳ ಸಂಪರ್ಕ ಮಾನದಂಡ) 3.0 ಪೀಳಿಗೆಗೇ ನಿಲ್ಲುತ್ತದೆ. ಮುಂದೆ ಕಾರ್ಡ್‌ ಹಾಕುವುದು ಖಚಿತವಾಗಿದ್ದರೆ, ರೈಜನ್‌ 5 7600ನಂಥ, ಪರದೆ ತೋರಿಸಲು ಸಾಕಾಗುವಷ್ಟು ಗ್ರಾಫಿಕ್ಸ್‌ ಇದ್ದು ಪೂರ್ತಿ 16 ಲೇನ್‌ ಕೊಡುವ ಪ್ರೊಸೆಸರ್‌ ಮೇಲು. ಇಂಟೆಲ್‌ನಲ್ಲಾದರೆ ಹೆಸರಿನ ಕೊನೆಗೆ ‘ಎಫ್‌’ ಇಲ್ಲದ್ದನ್ನು ಆರಿಸಿ. ಎಫ್‌ ಇದ್ದರೆ ಒಳಗೆ ಗ್ರಾಫಿಕ್ಸ್‌ ಇರುವುದಿಲ್ಲ.

ಇನ್ನು ಪೀಳಿಗೆಯ ಲೆಕ್ಕ. 16 ಲೇನ್‌ನಲ್ಲಿ ಪಿಸಿಐಇ 3.0 ಸೆಕೆಂಡಿಗೆ ಒಂದು ದಿಕ್ಕಿನಲ್ಲಿ ಸುಮಾರು 16 ಜಿಬಿ, 4.0 ಸುಮಾರು 32 ಜಿಬಿ, 5.0 ಸುಮಾರು 64 ಜಿಬಿ ಸಾಗಿಸುತ್ತದೆ. ಮಧ್ಯಮ ದರ್ಜೆಯ ಹಲವು ಕಾರ್ಡ್‌ಗಳು 16 ಲೇನ್‌ ಬಳಸುವುದೇ ಇಲ್ಲ: ಆರ್‌ಟಿಎಕ್ಸ್‌ 4060 ಬಳಸುವುದು 8, ಆರ್‌ಎಕ್ಸ್‌ 6500 ಎಕ್ಸ್‌ಟಿ ಬಳಸುವುದು 4. ಇವನ್ನು 3.0 ಸ್ಲಾಟ್‌ಗೆ ಹಾಕಿದರೆ ದಾರಿ ಅರ್ಧಕ್ಕೆ ಕಿರಿದಾಗುತ್ತದೆ. ಕಾರ್ಡ್‌ನ ಸ್ವಂತ ಮೆಮೊರಿ ತುಂಬಿ ಆಟವು ರ‍್ಯಾಮ್‌ನತ್ತ ಕೈಚಾಚಿದಾಗ ಚಿತ್ರ ತಡವರಿಸುವುದು ಇದರಿಂದಲೇ. ಹಾಗಾಗಿ 4.0 ಇರಲೇಬೇಕು. ಕೇವಲ 5.0 ಸ್ಲಾಟ್‌ಗಾಗಿ ಹೆಚ್ಚು ಹಣ ಸುರಿಯುವ ಅಗತ್ಯ ಕಾಣದು. ಆ ಹಣ ಕಾರ್ಡ್‌ಗೇ ಹೋಗಲಿ.

ಬೋರ್ಡ್‌ನ ಕೈಪಿಡಿಯಲ್ಲಿ ಎಂ.2 ಸ್ಲಾಟ್‌ಗಳ (ಚಪ್ಪಟೆ ಎಸ್‌ಎಸ್‌ಡಿ ಹಾಕುವ ಜಾಗ) ಪುಟವನ್ನೂ ಓದಿ. ಕೆಲವು ಬೋರ್ಡ್‌ಗಳಲ್ಲಿ ಒಂದು ನಿರ್ದಿಷ್ಟ ಎಂ.2ಗೆ ಎಸ್‌ಎಸ್‌ಡಿ ಹಾಕಿದರೆ ಗ್ರಾಫಿಕ್ಸ್‌ ಸ್ಲಾಟ್‌ 16ರಿಂದ 8 ಲೇನ್‌ಗೆ ಇಳಿಯುತ್ತದೆ, ಇಲ್ಲವೇ ಹಾರ್ಡ್‌ ಡಿಸ್ಕ್‌ ಜೋಡಿಸುವ ಸಾಟಾ ಪೋರ್ಟ್‌ ಸ್ತಬ್ಧವಾಗುತ್ತದೆ. ಐಟಿಎಕ್ಸ್‌ನಲ್ಲಿ ಎರಡನೇ ಎಂ.2 ಅನೇಕ ವೇಳೆ ಬೋರ್ಡ್‌ನ ಹಿಂಬದಿಗಿರುತ್ತದೆ. ಆ ಎಸ್‌ಎಸ್‌ಡಿಯನ್ನು ಬೋರ್ಡ್‌ ಕೂರಿಸುವ ಮೊದಲೇ ಹಾಕಿಬಿಡಿ.

3. ರ‍್ಯಾಮ್‌

ಡಿಡಿಆರ್‌4, ಡಿಡಿಆರ್‌5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎರಡೇ ಸ್ಲಾಟ್‌ ಇದ್ದರೆ ಮೊದಲೇ 16 ಜಿಬಿಯ ಎರಡು ಹಾಕಿ. 8 ಜಿಬಿಯ ಎರಡು ಹಾಕಿದರೆ ಮುಂದೆ ಎರಡನ್ನೂ ಕಿತ್ತಿಡಬೇಕಾಗುತ್ತದೆ.

4. ವಿದ್ಯುತ್ತು ಮತ್ತು ಜಾಗ

ಸ್ಲಾಟ್‌ ಮೂಲಕ ಕಾರ್ಡ್‌ಗೆ ಸಿಗುವುದು ಹೆಚ್ಚೆಂದರೆ 75 ವಾಟ್‌. ಮಿಕ್ಕದ್ದು ಎಸ್‌ಎಂಪಿಎಸ್‌ನಿಂದ (ಪಿ.ಸಿ.ಯ ಪವರ್‌ ಸಪ್ಲೈ) ನೇರವಾಗಿ ಬರಬೇಕು: 8 ಪಿನ್ನಿನ ಪ್ರತಿ ಕನೆಕ್ಟರ್‌ಗೆ 150 ವಾಟ್‌. ಬೋರ್ಡ್‌ನ ವಿಆರ್‌ಎಂ ಕೆಲಸ ಪ್ರೊಸೆಸರ್‌ಗೆ ವಿದ್ಯುತ್ತು ಹದಮಾಡಿ ಕೊಡುವುದು. ಅದರ ಮೇಲೆ ಹೀಟ್‌ಸಿಂಕ್‌ ಇಲ್ಲದ ಬೋರ್ಡ್‌ಗೆ ಬಲವಾದ ಪ್ರೊಸೆಸರ್‌ ಹಾಕಿದರೆ, ಕಾರ್ಡ್‌ನ ಬಿಸಿಗಾಳಿಯೂ ಸೇರಿ ವಿಆರ್‌ಎಂ ಕಾದು ಪ್ರೊಸೆಸರ್‌ ವೇಗ ಕುಗ್ಗುತ್ತದೆ. ದೂರು ಮಾತ್ರ ಕಾರ್ಡ್‌ ಮೇಲೆ ಬರುತ್ತದೆ.

ಕ್ಯಾಬಿನೆಟ್‌ನ ಹಿಂದಿನ ತಗಡಿನಿಂದ ಮುಂದಿನ ಫ್ಯಾನ್‌ವರೆಗೆ ಸ್ಕೇಲ್‌ ಹಿಡಿದು ಅಳೆಯಿರಿ. ಹೊಸ 16 ಪಿನ್ನಿನ ಕನೆಕ್ಟರ್‌ ಇರುವ ಕಾರ್ಡ್‌ ಆದರೆ, ಕೇಬಲ್‌ ಬಾಗುವ ಮೊದಲು ಸುಮಾರು 35 ಮಿ.ಮೀ. ನೇರವಾಗಿರಲು ಜಾಗ ಬಿಡಿ. ಬುಡದಲ್ಲೇ ಬಾಗಿಸಿದರೆ ಪಿನ್‌ಗಳ ಸಂಪರ್ಕ ಸಡಿಲಗೊಂಡು ಕನೆಕ್ಟರ್‌ ಕರಗುವ ಅಪಾಯವಿದೆ. ರೈಸರ್‌ ಕೇಬಲ್‌ (ಕಾರ್ಡನ್ನು ಸ್ಲಾಟ್‌ನಿಂದ ದೂರ ಕೂರಿಸಲು ಬಳಸುವ ಕೇಬಲ್‌) ಇರುವ ಕ್ಯಾಬಿನೆಟ್‌ನಲ್ಲಿ ಕೇಬಲ್‌ 3.0, ಕಾರ್ಡ್‌ 4.0 ಆಗಿದ್ದರೆ ಪರದೆ ಕಪ್ಪಗೇ ಉಳಿಯಬಹುದು. ಕಾರ್ಡ್‌ ಹಾಕುವ ಮೊದಲೇ ಬಯೋಸ್‌ನಲ್ಲಿ (ಬೋರ್ಡ್‌ನ ಸ್ವಂತ ಸೆಟ್ಟಿಂಗ್‌ ಪರದೆ) ಸ್ಲಾಟನ್ನು 3.0ಕ್ಕೆ ಇಳಿಸಿ.

5. ಮೊದಲ ದಿನವೇ ಮಾಡಿಡಬೇಕಾದದ್ದು

ವಿಂಡೋಸ್‌ ಅನ್ನು ಯುಇಎಫ್‌ಐ ಎಂಬ ಹೊಸ ಬೂಟ್‌ ವಿಧಾನದಲ್ಲೇ ಅಳವಡಿಸಿ, ಹಳೆಯ ಬೂಟ್‌ ವಿಧಾನಕ್ಕೆಂದು ಬಯೋಸ್‌ನಲ್ಲಿರುವ ಸಿಎಸ್‌ಎಂ ಆಯ್ಕೆಯನ್ನು ಆಫ್‌ ಮಾಡಿಡಿ. ಕಾರ್ಡ್‌ ಬಂದಾಗ ಬೇಕಾಗುವ ರೀಸೈಜಬಲ್‌ ಬಾರ್‌ ಸೌಲಭ್ಯ (ಕಾರ್ಡ್‌ನ ಮೆಮೊರಿಯನ್ನೆಲ್ಲ ಪ್ರೊಸೆಸರ್‌ ಒಟ್ಟಿಗೇ ಬಳಸಲು ಬಿಡುವಂಥದ್ದು) ಸಿಎಸ್‌ಎಂ ಇದ್ದರೆ ನಡೆಯುವುದಿಲ್ಲ; ಇಂಟೆಲ್‌ ಆರ್ಕ್‌ ಕಾರ್ಡ್‌ಗಳಂತೂ ಇದಿಲ್ಲದೆ ಬಹಳ ಸೊರಗುತ್ತವೆ. ಹಳೆಯ ವಿಧಾನದಲ್ಲಿ ಅಳವಡಿಸಿ ಆಮೇಲೆ ಸಿಎಸ್‌ಎಂ ಆಫ್‌ ಮಾಡಿದರೆ ಪಿ.ಸಿ. ಬೂಟ್‌ ಆಗುವುದೇ ಇಲ್ಲ. ಪ್ರೊಸೆಸರ್‌ ಇಲ್ಲದೆಯೂ ಬಯೋಸ್‌ ನವೀಕರಿಸುವ ಫ್ಲ್ಯಾಶ್‌ಬ್ಯಾಕ್‌ ಗುಂಡಿ ಬೋರ್ಡ್‌ನಲ್ಲಿದ್ದರೆ ಒಳಿತು.

ಕಾರ್ಡ್‌ ಕೂರಿಸುವಾಗ ಸ್ಲಾಟ್‌ ತುದಿಯ ಲ್ಯಾಚ್‌ ಟಕ್ಕೆನ್ನುವವರೆಗೆ ಒತ್ತಿ. ತೆಗೆಯುವಾಗ ಬೆರಳು ಅಲ್ಲಿಗೆ ಹೋಗದಿದ್ದರೆ ಮರದ ಪೆನ್ಸಿಲ್‌ನ ಹಿಂಬದಿಯಿಂದ ಲ್ಯಾಚ್‌ ಅದುಮಿ. ಸ್ಕ್ರೂಡ್ರೈವರ್‌ ಜಾರಿದರೆ ಬೋರ್ಡ್‌ ಗೀರುತ್ತದೆ. ಮಾನಿಟರ್‌ ಕೇಬಲ್ಲನ್ನು ಬೋರ್ಡ್‌ನಿಂದ ಬಿಡಿಸಿ ಕಾರ್ಡ್‌ಗೆ ಚುಚ್ಚಿ.

ಕೊನೆಗೆ ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಜಡ್‌ ತಂತ್ರಾಂಶ ತೆರೆದು ‘ಬಸ್‌ ಇಂಟರ್‌ಫೇಸ್‌’ ಸಾಲು ಓದಿ. ಕಾರ್ಡ್‌ ಸುಮ್ಮನಿದ್ದಾಗ ಅದು 1.1 ಎಂದು ತೋರಿಸಬಹುದು, ಗಾಬರಿ ಬೇಡ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್‌ ಪರೀಕ್ಷೆ ನಡೆಸಿದಾಗ ನಿಜವಾದ ಅಂಕಿ ಬರುತ್ತದೆ. 16 ಲೇನ್‌ನ ಕಾರ್ಡ್‌ ಆಗಲೂ 8 ಅಥವಾ 4 ತೋರಿಸಿದರೆ, ಪ್ಲಗ್‌ ತೆಗೆದು ಕಾರ್ಡನ್ನು ಮತ್ತೆ ಕೂರಿಸಿ, ನಂತರ ಕೈಪಿಡಿಯ ಆ ಎಂ.2 ಪುಟಕ್ಕೆ ಹಿಂದಿರುಗಿ.