ನನ್ನ ಸಿಬಿಲ್ ವರದಿಯನ್ನು ನಾನೇ ಸರಿ ಮಾಡಿಸಿಕೊಂಡದ್ದು

2024ರ ಜೂನ್‌ನಲ್ಲಿ ಬ್ಯಾಂಕಿನವರು ನನ್ನ ಅರ್ಜಿ ವಾಪಸ್ ಕೊಟ್ಟರು. ಇನ್ನೆರಡು ಪವರ್‌ಲೂಮ್ ಹಾಕೋಣ ಅಂತ ಮುದ್ರಾ ಯೋಜನೆಯಲ್ಲಿ ಕಿಶೋರ್ ಅನ್ನುವ ವರ್ಗದ ಸಾಲ 4 ಲಕ್ಷ ಕೇಳಿದ್ದೆ. ಮ್ಯಾನೇಜರ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. "ನಿಮ್ಮ ಸಿಬಿಲ್ 588 ಐತ್ರಿ. ಇದರಾಗ ನಾ ಏನೂ ಮಾಡಾಕ ಬರೂದಿಲ್ಲ" ಅಂದರು.

ಬನಹಟ್ಟಿಯಲ್ಲಿ ನಮ್ಮದು ಮೂರು ತಲೆಮಾರಿನ ನೇಕಾರಿಕೆ. ನೂಲಿನ ಅಂಗಡಿಯವರು ಇವತ್ತಿಗೂ ನನಗೆ ಉದ್ರಿ ಕೊಡುತ್ತಾರೆ, ಚೀಟಿ ಕೂಡ ಬರೆಸಿಕೊಳ್ಳುವುದಿಲ್ಲ. ಆ ದಿನ ಬ್ಯಾಂಕಿನ ಮೆಟ್ಟಿಲು ಇಳಿಯುವಾಗ ಮಾತ್ರ ಪರಿಚಯದವರು ಯಾರೂ ಎದುರು ಬರದಿರಲಿ ಅಂದುಕೊಂಡೆ.

ನಮ್ಮ ಕಡೆ ಪತ್ತು ಅಂತ ಒಂದು ಮಾತಿದೆ. ಪತ್ತಿನ ಸಹಕಾರಿ ಸಂಘದ ಬೋರ್ಡನ್ನು ಎಲ್ಲರೂ ನೋಡಿರುತ್ತೀರಿ. ಮಾರುಕಟ್ಟೆಯಲ್ಲಿ ಒಬ್ಬನ ಮಾತಿಗೆ ಎಷ್ಟು ಬೆಲೆಯಿದೆ ಅನ್ನುವುದೇ ಅವನ ಪತ್ತು. ಸಿಬಿಲ್ ಸ್ಕೋರ್ ಕೂಡ ಪತ್ತೇ. 300ರಿಂದ 900ರ ಒಳಗೆ ಒಂದು ಅಂಕಿ. ಆದರೆ ಅದಕ್ಕೆ ನಮ್ಮ ಮುಖ ಗೊತ್ತಿಲ್ಲ. ಬ್ಯಾಂಕುಗಳು ಕಳಿಸಿದ ಲೆಕ್ಕ ಮಾತ್ರ ಗೊತ್ತು. ಲೆಕ್ಕ ತಪ್ಪಾಗಿ ಹೋದರೆ ಅಂಕಿಯೂ ತಪ್ಪು.

ನನ್ನ ಲೆಕ್ಕ ಎಲ್ಲಿ ಕೆಟ್ಟಿತು ಅಂತ ನನಗೆ ಅರ್ಧ ಗೊತ್ತಿತ್ತು. 2019ರ ಆಗಸ್ಟ್‌ನಲ್ಲಿ ಕೃಷ್ಣೆಗೆ ಮಹಾಪೂರ ಬಂತು. ನಮ್ಮ ಶೆಡ್ಡಿಗೆ ನೀರು ಬರಲಿಲ್ಲ, ಆದರೆ ವ್ಯಾಪಾರ ನಿಂತಿತು. ಚೇತರಿಸಿಕೊಳ್ಳುವಷ್ಟರಲ್ಲಿ ಲಾಕ್‌ಡೌನ್. ನೇಯ್ದ ಸೀರೆಗಳು ಮನೆಯಲ್ಲೇ ಗಂಟು ಕಟ್ಟಿಕೊಂಡು ಬಿದ್ದವು. ಮನೆಯ ಖರ್ಚು, ನೂಲು, ಅಪ್ಪನ ಔಷಧಿ ಎಲ್ಲ ಕ್ರೆಡಿಟ್ ಕಾರ್ಡಿನ ಮೇಲೆ ನಡೆಯಿತು. ಆಗ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. ಇದು ನನಗೆ ಆಗ ತಲೆಗೆ ಹೋಗಲೇ ಇಲ್ಲ. ಸೆಪ್ಟೆಂಬರ್ ಬಂದಾಗ ಬಾಕಿ 1 ಲಕ್ಷ ದಾಟಿತ್ತು. ಡಿಸೆಂಬರ್‌ಗೆ 1,42,000.

2021ರ ಆರಂಭದಲ್ಲಿ ರಿಕವರಿಯವರು ಫೋನ್ ಮಾಡಿ "70 ಸಾವಿರ ಕಟ್ಟಿ, ಸೆಟಲ್ ಮಾಡಿ ಬಿಡೋಣ" ಅಂದರು. ಹೆಂಡತಿಯ ಬಳೆ ಅಡ ಇಟ್ಟು ಕಟ್ಟಿದೆ. ಒಂದು ಪತ್ರ ಬಂತು. ಅದನ್ನು ದೇವರ ಮುಂದೆ ಇಟ್ಟು, ಸಾಲ ಮುಗಿಯಿತು ಅಂತ ನಿರಾಳವಾದೆ. ಉಳಿದ 72 ಸಾವಿರ ಬಿಟ್ಟುಕೊಟ್ಟಿದ್ದೇವೆ, ಹಾಗೆಂದು ವರದಿಯಲ್ಲೂ ಬರೆಯುತ್ತೇವೆ ಅಂತ ನನಗೆ ಯಾರೂ ಬಿಡಿಸಿ ಹೇಳಲಿಲ್ಲ.

ಅರ್ಜಿ ವಾಪಸ್ ಬಂದ ಮೇಲೆ ಮೊದಲು ಹೋದದ್ದು ಒಬ್ಬ ಏಜೆಂಟ್ ಹತ್ತಿರ. ಸಿಬಿಲ್ ರಿಪೇರಿ ಅಂತ ಬೋರ್ಡ್ ಹಾಕಿದ್ದ. 45 ದಿನದಲ್ಲಿ 750 ಮಾಡಿಕೊಡುತ್ತೇನೆ ಅಂದ. 6 ಸಾವಿರ ಕೊಟ್ಟೆ. ಆಧಾರ್, ಪ್ಯಾನ್, ಒಟಿಪಿ ಎಲ್ಲ ತಗೊಂಡ. ನನ್ನ ಹೆಸರಿನಲ್ಲಿ ಹೊಸ ಇ-ಮೇಲ್ ಮಾಡಿದ, ಪಾಸ್‌ವರ್ಡ್ ಅವನ ಹತ್ತಿರವೇ ಇತ್ತು. ವರದಿಯಲ್ಲಿ ಇದ್ದ ಪ್ರತಿ ಸಾಲಕ್ಕೂ "ಇದು ನನ್ನದಲ್ಲ" ಅಂತ ಆಕ್ಷೇಪಣೆ ಹಾಕಿದ. ನಿಜವಾಗಿ ನಾನು ತೆಗೆದುಕೊಂಡ ಸಾಲಗಳಿಗೂ ಹಾಗೇ ಬರೆದ! ಬ್ಯಾಂಕಿನವರು ನೋಡಿ "ಮಾಹಿತಿ ಸರಿ ಇದೆ" ಅಂತ ಉತ್ತರ ಕೊಟ್ಟರು. ಸ್ಕೋರ್ ಒಂದು ಅಂಕಿಯೂ ಮೇಲೆ ಹೋಗಲಿಲ್ಲ. ನನ್ನ ಸಹಿ ಇರುವ ಸಾಲವನ್ನು ನನ್ನದಲ್ಲ ಅಂತ ನನ್ನ ಹೆಸರಲ್ಲೇ ಬರೆದದ್ದು ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೋವಾಯಿತು.

ಆಮೇಲೆ ಬಾಗಲಕೋಟೆಗೆ ಹೋದಾಗ ಆರ್ಥಿಕ ಸಾಕ್ಷರತಾ ಕೇಂದ್ರಕ್ಕೆ ಹೋಗಿ ಕುಳಿತೆ. ಇಂಥ ಕೇಂದ್ರಗಳನ್ನು ಬ್ಯಾಂಕಿನವರೇ ನಡೆಸುತ್ತಾರೆ, ಫೀ ಇಲ್ಲ. ಅಲ್ಲಿದ್ದ ಹಿರಿಯರು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ವರದಿ ನೀವು ಓದೀರೇನು?" ಓದಿರಲಿಲ್ಲ. ಸ್ಕೋರ್ ನೋಡಿದ್ದೆ, ವರದಿ ಓದಿರಲಿಲ್ಲ. ಎರಡೂ ಬೇರೆ ಅಂತ ಅವತ್ತು ಗೊತ್ತಾಯಿತು.

ಸಿಬಿಲ್ ಅಂತ ನಾವು ಬಾಯಿಮಾತಿಗೆ ಅನ್ನುತ್ತೇವೆ. ಆದರೆ ಇಂಥ ಲೆಕ್ಕ ಇಡುವ ಕಂಪನಿಗಳು ನಾಲ್ಕು ಇವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು ನಾಲ್ಕೂ ಕಂಪನಿಗಳು ಉಚಿತವಾಗಿ ಕೊಡಬೇಕು, ರಿಸರ್ವ್ ಬ್ಯಾಂಕಿನ ನಿಯಮ ಅದು. ನನ್ನ ಮಗಳು ನಾಲ್ಕನ್ನೂ ಮೊಬೈಲ್‌ನಲ್ಲಿ ಇಳಿಸಿಕೊಟ್ಟಳು. ನಮ್ಮ ವರದಿ ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಸಾಲಕ್ಕೆ ಅರ್ಜಿ ಹಾಕಿ ಬ್ಯಾಂಕಿನವರು ನೋಡಿದರೆ ಮಾತ್ರ ಅದು ವಿಚಾರಣೆ ಅಂತ ದಾಖಲಾಗುತ್ತದೆ, ಅದು ಜಾಸ್ತಿಯಾದರೆ ಸ್ಕೋರಿಗೆ ಪೆಟ್ಟು. ಸಿಟ್ಟಿನಲ್ಲಿ ಒಂದೇ ತಿಂಗಳು ನಾಲ್ಕು ಕಡೆ ಅರ್ಜಿ ಹಾಕಿದ್ದೆ ನಾನು. ನಾಲ್ಕೂ ಅಲ್ಲಿ ಸಾಲಾಗಿ ನಿಂತಿದ್ದವು.

ಮುದ್ರಿಸಿದ ವರದಿಯನ್ನು ಮಗ್ಗದ ಪಕ್ಕದ ಮಂಚದ ಮೇಲೆ ಹರಡಿಕೊಂಡು ಎರಡು ರಾತ್ರಿ ಓದಿದೆವು. ಪ್ರತಿ ಸಾಲದ ಕೆಳಗೆ ತಿಂಗಳು ತಿಂಗಳಿನ ಸಣ್ಣ ಮನೆಗಳು ಇರುತ್ತವೆ, 36 ತಿಂಗಳವರೆಗೆ. 000 ಇದ್ದರೆ ಆ ತಿಂಗಳು ಬಾಕಿ ಇಲ್ಲ. 30, 60, 90 ಅಂತ ಇದ್ದರೆ ಅಷ್ಟು ದಿನ ತಡ. ಮಗಳು ಕೆಂಪು ಪೆನ್ನು, ಹಸಿರು ಪೆನ್ನು ತಂದಳು. ನಿಜವಾದ ಬಾಕಿಗೆ ಕೆಂಪು, ತಪ್ಪು ಲೆಕ್ಕಕ್ಕೆ ಹಸಿರು. ಏಜೆಂಟ್ ಇದೊಂದನ್ನು ಮಾಡಿರಲಿಲ್ಲ. ನನಗೆ ಪ್ರಯೋಜನವಾದದ್ದು ಇದೇ.

ಹಸಿರಿನಲ್ಲಿ ಮೊದಲು ಬಂದದ್ದು ಬೈಕ್ ಸಾಲ. 2018ರಲ್ಲೇ ತೀರಿಸಿದ್ದೆ, ಬಾಕಿ ಇಲ್ಲ ಅಂತ ಕೊಟ್ಟ ಪತ್ರ, ಅಂದರೆ ಎನ್‌ಒಸಿ ಟ್ರಂಕಿನಲ್ಲಿತ್ತು. ವರದಿಯಲ್ಲಿ ಮಾತ್ರ ಸಾಲ ಇನ್ನೂ ಜೀವಂತ, 590 ರೂಪಾಯಿ ಬಾಕಿ. ಯಾವುದೋ ತಡವಾದ ಶುಲ್ಕ ಆರು ವರ್ಷ ಹಾಗೇ ನಿಂತಿತ್ತು.

ಎರಡನೆಯದು ನೋಡಿ ನಾವಿಬ್ಬರೂ ಸುಮ್ನೆ ಕುಳಿತುಬಿಟ್ಟೆವು. ಒಂದು ಮೊಬೈಲ್ ಫೋನಿನ ಸಾಲ, 18 ಸಾವಿರ, ಒಂದು ಕಂತೂ ಸರಿಯಾಗಿ ಕಟ್ಟಿಲ್ಲ. ನಾನು ಯಾವತ್ತೂ ಸಾಲದಲ್ಲಿ ಫೋನ್ ತಗೊಂಡವನಲ್ಲ. ವಿಳಾಸ ವಿಜಯಪುರದ್ದು. ಹೆಸರು ನನ್ನದೇ, ಅಡ್ಡಹೆಸರೂ ಅದೇ. ಹುಟ್ಟಿದ ದಿನ ಜೂನ್ 1, ವರ್ಷವೂ ಒಂದೇ. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಕು ಯಾರಿಗೂ ಗೊತ್ತಿರುತ್ತಿರಲಿಲ್ಲ. ಮಾಸ್ತರರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ನಮ್ಮ ಓಣಿಯಲ್ಲೇ ಜೂನ್ 1ಕ್ಕೆ ಹುಟ್ಟಿದವರು ಹತ್ತಾರು ಜನ ಇದ್ದಾರೆ. ಹೆಸರು ಒಂದೇ, ದಿನಾಂಕ ಒಂದೇ ಅಂತ ಇನ್ನೊಬ್ಬನ ಸಾಲ ನನ್ನ ವರದಿಗೆ ಬಂದು ಕೂತಿತ್ತು. ಪ್ಯಾನ್ ನಂಬರ್ ಮಾತ್ರ ಬೇರೆ.

ಕೆಂಪಿನಲ್ಲಿ ಎರಡು. ಒಂದು ಆ ಕಾರ್ಡ್, 'ಸೆಟಲ್ಡ್' ಅಂತ. ಇನ್ನೊಂದು ನನ್ನ ಭಾವನ ಟ್ರ್ಯಾಕ್ಟರ್ ಸಾಲ. ಮುಧೋಳದ ಹತ್ತಿರ ಅವನದು ಕಬ್ಬಿನ ಹೊಲ. ಜಾಮೀನಿಗೆ ನಾನು ಸಹಿ ಮಾಡಿದ್ದೆ. ಜಾಮೀನು ಹಾಕಿದವನ ವರದಿಯಲ್ಲೂ ಆ ಸಾಲ ಬರುತ್ತದೆ ಅಂತ ಯಾರಿಗೆ ಗೊತ್ತು? ಸಕ್ಕರೆ ಕಾರ್ಖಾನೆಯವರು ಕಬ್ಬಿನ ಬಿಲ್ 14 ದಿನದಲ್ಲಿ ಕೊಡಬೇಕು ಅಂತ ನಿಯಮ ಇದೆ. ಬಿಲ್ ತಡವಾದರೆ ಅವನ ಕಂತು ತಡ, ಅವನ ಕಂತು ತಡವಾದರೆ ನನ್ನ ವರದಿಯ ಆ ಸಣ್ಣ ಮನೆಯಲ್ಲಿ 60. ಇಲ್ಲಿ ಆಕ್ಷೇಪಣೆ ಹಾಕುವ ಹಾಗಿಲ್ಲ, ಸಹಿ ನನ್ನದೇ. ಭಾವನ ಹತ್ತಿರ ಹೋಗಿ ವರದಿಯನ್ನೇ ಮುಂದಿಟ್ಟೆ. ಜಗಳ ಆಗುತ್ತದೆ ಅಂತ ಹೆದರಿದ್ದೆ. ಅವನಿಗೂ ಇದು ಗೊತ್ತಿರಲಿಲ್ಲ. ಮುಂದಿನ ಬಿಲ್ ಬಂದ ದಿನವೇ ಬಾಕಿ ಕಂತು ಎರಡೂ ಕಟ್ಟಿ ರಸೀದಿಯ ಫೋಟೋ ಕಳಿಸಿದ.

ಹಸಿರು ಎರಡಕ್ಕೂ ಸೆಪ್ಟೆಂಬರ್‌ನಲ್ಲಿ ಆಕ್ಷೇಪಣೆ ಹಾಕಿದೆ. ಅದಕ್ಕೂ ಮೊದಲು ಏಜೆಂಟ್ ಮಾಡಿದ ಇ-ಮೇಲ್ ತೆಗೆಸಿ ನನ್ನದೇ ಇ-ಮೇಲ್, ನನ್ನದೇ ಫೋನ್ ನಂಬರ್ ಹಾಕಿಸಿದೆ. ಆಕ್ಷೇಪಣೆ ಹಾಕಲು ವರದಿಯ ಮೇಲಿರುವ ಕಂಟ್ರೋಲ್ ನಂಬರ್ ಬೇಕು. ಒಂದು ಸಾಲಕ್ಕೆ ಒಂದೇ ವಿಷಯ ಬರೆದೆ. ಬೈಕಿಗೆ "ಸಾಲ ಮುಗಿದಿದೆ, ಎನ್‌ಒಸಿ ಇದೆ". ಫೋನಿಗೆ "ಸಾಲ ನನ್ನದಲ್ಲ, ಪ್ಯಾನ್ ಬೇರೆ". ಇಂಗ್ಲಿಷ್ ಪತ್ರಗಳನ್ನು ಜಮಖಂಡಿಯಲ್ಲಿ ನನ್ನ ತೆರಿಗೆ ಲೆಕ್ಕ ನೋಡುವವರಿಂದ ಬರೆಸಿದೆ, 800 ರೂಪಾಯಿ ಕೊಟ್ಟೆ. ದುಡ್ಡು ಕೊಟ್ಟು ಸಹಾಯ ತಗೊಳ್ಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಪತ್ರ ಬರೆದುಕೊಡುವವರು, ಕಾಗದ ಜೋಡಿಸಿಕೊಡುವವರು ಬೇಕಾಗುತ್ತಾರೆ. ಅಂಕಿ ಏರಿಸುತ್ತೇನೆ ಅಂತ ಗ್ಯಾರಂಟಿ ಕೊಡುವವರು, ಒಟಿಪಿ ಕೇಳುವವರು ಬೇಡ. ನಿಜವಾದ ಬಾಕಿಯನ್ನು ವರದಿಯಿಂದ ಅಳಿಸುವ ಅಧಿಕಾರ ಅವರಿಗೆ ಇಲ್ಲವೇ ಇಲ್ಲ.

ಆಕ್ಷೇಪಣೆಯನ್ನು 30 ದಿನದಲ್ಲಿ ಬಗೆಹರಿಸಬೇಕು. 2024ರ ಏಪ್ರಿಲ್ 26ರಿಂದ ಇನ್ನೊಂದು ನಿಯಮ ಜಾರಿಯಲ್ಲಿದೆ: 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಬೈಕ್ ಸಾಲದವರು 42ನೇ ದಿನ ಸರಿ ಮಾಡಿದರು. ಒಂದು ವಾರದಲ್ಲಿ ನನ್ನ ಖಾತೆಗೆ 1,200 ರೂಪಾಯಿ ಬಂತು. ಆ ಮೆಸೇಜನ್ನು ಹೆಂಡತಿಗೆ ಓದಿ ಹೇಳಿದೆ. ಮೊತ್ತ ಸಣ್ಣದು. ಆದರೆ ತಪ್ಪು ನನ್ನದಲ್ಲ ಅಂತ ಬೇರೆಯವರು ದುಡ್ಡು ಕೊಟ್ಟು ಒಪ್ಪಿಕೊಂಡ ಹಾಗಿತ್ತು ಅದು.

ಫೋನಿನ ಸಾಲ ಅಷ್ಟು ಸುಲಭಕ್ಕೆ ಹೋಗಲಿಲ್ಲ. "ಮಾಹಿತಿ ಸರಿ ಇದೆ" ಅಂತ ಉತ್ತರ ಬಂತು. ಸಾಲ ಕೊಟ್ಟ ಕಂಪನಿಯಲ್ಲಿ ದೂರು ನೋಡುವ ನೋಡಲ್ ಅಧಿಕಾರಿಗೆ ರಿಜಿಸ್ಟರ್ ಪೋಸ್ಟ್ ಮಾಡಿದೆ. ಪ್ಯಾನ್ ಪ್ರತಿ, ನನ್ನ ಸಹಿಯ ಮಾದರಿ ಇಟ್ಟು, ಸಾಲದ ಅರ್ಜಿಯಲ್ಲಿ ಇರುವ ಫೋಟೋ ಮತ್ತು ಸಹಿ ತೋರಿಸಿ ಅಂತ ಕೇಳಿದೆ. 30 ದಿನ ಕಳೆದರೂ ಉತ್ತರ ಇಲ್ಲ. ಆಗ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಟ್ಟೆ. ಸಿಎಂಎಸ್ ಅನ್ನುವ ಪೋರ್ಟಲ್‌ನಲ್ಲಿ ಹಾಕಬೇಕು, ಫೀ ಇಲ್ಲ. ಮೊದಲು ಕಂಪನಿಗೇ ದೂರು ಕೊಟ್ಟು 30 ದಿನ ಕಾದಿರಬೇಕು, ಅದಕ್ಕೇ ಪೋಸ್ಟಿನ ರಸೀದಿ ಕಾಪಾಡಿ ಇಡಬೇಕು. 14448ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಿ ತಿಳಿದುಕೊಂಡೆ. ಎರಡು ತಿಂಗಳು ಹಿಡಿಯಿತು. 2025ರ ಫೆಬ್ರವರಿಯಲ್ಲಿ ಆ ಸಾಲ ನನ್ನ ವರದಿಯಿಂದ ಹೋಯಿತು. ವಿಜಯಪುರದ ಆ ಮನುಷ್ಯ ಯಾರೋ ಗೊತ್ತಿಲ್ಲ. ಅವನಿಗೆ ಏನು ಕಷ್ಟ ಇತ್ತೋ ಅಂತ ಒಂದೊಂದು ಸಲ ಅನಿಸುತ್ತದೆ.

ಇನ್ನು ಕಾರ್ಡು. ಇದರ ಬಗ್ಗೆ ತುಂಬ ಯೋಚನೆ ಮಾಡಿದೆ. 'ಸೆಟಲ್ಡ್' ಅಂದರೆ ಬ್ಯಾಂಕಿಗೆ ಪೂರ್ತಿ ದುಡ್ಡು ಬಂದಿಲ್ಲ ಅಂತ ಅರ್ಥ. 'ಕ್ಲೋಸ್ಡ್' ಅಂದರೆ ಪೂರ್ತಿ ತೀರಿದೆ. ಸಾಲ ಕೊಡುವವರ ಕಣ್ಣಿಗೆ ಈ ಎರಡಕ್ಕೂ ಬಹಳ ವ್ಯತ್ಯಾಸ. ಬಿಟ್ಟುಕೊಟ್ಟ 72 ಸಾವಿರ ಈಗ ಕಟ್ಟುತ್ತೇನೆ, 'ಕ್ಲೋಸ್ಡ್' ಅಂತ ಬದಲಿಸುತ್ತೀರಾ ಅಂತ ಬ್ಯಾಂಕಿಗೆ ಬರೆದು ಕೇಳಿದೆ. ಒಪ್ಪಿಗೆ ಬರವಣಿಗೆಯಲ್ಲಿ ಬರುವವರೆಗೆ ಒಂದು ಪೈಸೆ ಕಟ್ಟಲಿಲ್ಲ. ಫೋನಿನಲ್ಲಿ ಹೇಳಿದ ಮಾತನ್ನು ನಂಬಿದ್ದು 2021ರಲ್ಲಿ ಒಂದು ಸಲ ಸಾಕಾಗಿತ್ತು. ಪತ್ರ ಬಂದ ಮೇಲೆ ದೀಪಾವಳಿ ಸೀರೆಯ ದುಡ್ಡಿನಲ್ಲಿ 40 ಸಾವಿರ, ಸಂಕ್ರಾಂತಿ ಹೊತ್ತಿಗೆ 32 ಸಾವಿರ ಕಟ್ಟಿದೆ. ಕೆಲವರು ನನಗೆ ಹುಚ್ಚು ಅಂದರು. ಬಿಟ್ಟ ಸಾಲ ಯಾರಾದರೂ ಕಟ್ಟುತ್ತಾರಾ ಅಂದರು. ನನಗೆ ಮಗ್ಗ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಆ ನೂಲು ನಾನು ನೇಯ್ದಿದ್ದೆ, ಆ ಔಷಧಿ ನಮ್ಮಪ್ಪ ಕುಡಿದಿದ್ದ. ಅದು ನಾನು ಕೊಡಬೇಕಾದ ದುಡ್ಡೇ ಅಲ್ವಾ?

ಹಳೆಯ ತಡದ ಅಂಕಿಗಳನ್ನು ಯಾರಿಂದಲೂ ಅಳಿಸಲು ಆಗುವುದಿಲ್ಲ. ಅವುಗಳ ಮುಂದೆ ಹೊಸ 000 ಸೇರಿಸುತ್ತ ಹೋಗಬೇಕು ಅಷ್ಟೇ. ಹೊಸ ಕಾರ್ಡ್ ಯಾರೂ ಕೊಡಲಿಲ್ಲ. ಹಾಗಾಗಿ 25 ಸಾವಿರ ಎಫ್‌ಡಿ ಇಟ್ಟು, ಅದರ ಮೇಲೆ 20 ಸಾವಿರ ಮಿತಿಯ ಕಾರ್ಡ್ ತಗೊಂಡೆ. ತಿಂಗಳಿಗೆ 5 ಸಾವಿರ ದಾಟದ ಹಾಗೆ ಖರ್ಚು ಮಾಡಿದೆ. ಮಿತಿಯ ಶೇ. 30ರ ಒಳಗೆ ಇದ್ದರೆ ಒಳ್ಳೆಯದು ಅಂತ ಬಾಗಲಕೋಟೆಯ ಹಿರಿಯರು ಹೇಳಿದ್ದರು. ಕನಿಷ್ಠ ಮೊತ್ತ ಕಟ್ಟಿ ಸುಮ್ಮನಾಗುವುದು ಬಿಟ್ಟೆ, ಬಿಲ್ ಬಂದ ದಿನವೇ ಪೂರ್ತಿ ಕಟ್ಟಿದೆ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ಲೆಕ್ಕ ಕಳಿಸಬೇಕು ಅಂತ ನಿಯಮ ಬಂದದ್ದರಿಂದ ಬದಲಾವಣೆ ಬೇಗ ಕಾಣಿಸಿತು. ತಪ್ಪು ಸಾಲ ಎರಡೂ ಹೋದಾಗ 641. ಕಾರ್ಡ್ 'ಕ್ಲೋಸ್ಡ್' ಆಗಿ ಕೆಲವು ತಿಂಗಳಾದಾಗ 698. ಆಗಸ್ಟ್‌ನಲ್ಲಿ 716.

ಆ ಮ್ಯಾನೇಜರ್ ವರ್ಗವಾಗಿ ಹೋಗಿದ್ದರು. ಹೊಸಬರು 4 ಲಕ್ಷಕ್ಕೆ ಒಪ್ಪಲಿಲ್ಲ, 3 ಲಕ್ಷ ಕೊಟ್ಟರು. ಎರಡರ ಬದಲು ಒಂದು ಮಗ್ಗ ಹಾಕಿದೆ. ಕಂತಿನ ದಿನ ತಿಂಗಳ 10ಕ್ಕೆ ಇರಲಿ ಅಂತ ಕೇಳಿಕೊಂಡೆ, ಸೀರೆಯ ದುಡ್ಡು ಮೊದಲ ವಾರದಲ್ಲಿ ಬರುತ್ತದೆ.

ಹೋದ ವಾರ ಪಕ್ಕದ ಓಣಿಯ ನೇಕಾರರೊಬ್ಬರು ತಮ್ಮ ವರದಿ ಹಿಡಿದುಕೊಂಡು ಬಂದರು. ಮಗಳು ಕೆಂಪು, ಹಸಿರು ಪೆನ್ನು ಹುಡುಕಿ ತಂದಳು. ಮೊದಲ ಪುಟದಲ್ಲಿ ಹುಟ್ಟಿದ ದಿನ ನೋಡಿದೆ. ಜೂನ್ 1. "ನಿಮ್ಮ ಪ್ಯಾನ್ ಕಾರ್ಡ್ ತಗೊಂಡು ಬರ್ರಿ" ಅಂದೆ.