ಮಗುವಿಗಿಂತ ಮೊದಲು ಮನೆ ಸಿದ್ಧವಾಗಬೇಕು

2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯ. ಕುಟುಂಬಕ್ಕೆ ಮರಳಿ ಸೇರಿಸುವುದೇ ಬಾಲಮಂದಿರಗಳ ಪ್ರಧಾನ ಉದ್ದೇಶವೆಂದು 40ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಮಾಜ ಕಾರ್ಯಕರ್ತೆಯಾಗಿರುವ ನಾನು ಈ ಕಲಮನ್ನು ಜಾರಿಗೆ ತರುವಾಗ ಮಗುವಿಗಿಂತ ಮೊದಲು ಮನೆಯನ್ನು ಅಣಿಗೊಳಿಸುತ್ತೇನೆ.

ಗಂಡ ತೀರಿಕೊಂಡ ಮೇಲೆ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗಿದ್ದ ತಾಯಿಯೊಬ್ಬರ ಇಬ್ಬರು ಮಕ್ಕಳು ಅಲ್ಲಿನ ಬಾಲಮಂದಿರ ಸೇರಿದ್ದರು. 95ನೇ ಕಲಮಿನಂತೆ ಪ್ರಕರಣವು ಅವರ ಊರಿರುವ ಕಲ್ಯಾಣ ಕರ್ನಾಟಕದ ನಮ್ಮ ಜಿಲ್ಲೆಯಲ್ಲಿ ಇಂಥ ಮಕ್ಕಳ ಬಗ್ಗೆ ಆದೇಶ ನೀಡುವ ಮಕ್ಕಳ ಕಲ್ಯಾಣ ಸಮಿತಿಗೆ ವರ್ಗವಾಗಿ ಬಂದಿತು. ಕುಟುಂಬದ ಸ್ಥಿತಿಗತಿ ತಿಳಿಸುವ ಸಾಮಾಜಿಕ ತನಿಖಾ ವರದಿಗಾಗಿ ಊರಿಗೆ ಹೋದಾಗ ರಾತ್ರಿ ಮಕ್ಕಳ ಜೊತೆ ಯಾರು ಮಲಗುತ್ತಾರೆ, ಪಡಿತರ ಚೀಟಿಯಲ್ಲಿ ಅವರ ಹೆಸರು ಉಳಿದಿದೆಯೇ, ತಾಯಿ ಮತ್ತೆ ಗುಳೆ ಹೋದರೆ ನೋಡಿಕೊಳ್ಳುವವರು ಯಾರು ಎಂದು ವಿಚಾರಿಸಿದೆ. "ಕರಕೊಂಡು ಬರ್ರಿ ಅಕ್ಕಾರ, ನನ್ನ ಪಾಲಿನ ರೊಟ್ಟ್ಯಾಗ ಉಣಸ್ತೀನಿ, ಆದ್ರ ಸಾಲಿಗೆ ಕಳಸಾಕ ನನ್ನ ಕಡೆ ರೊಕ್ಕ ಇಲ್ಲ" ಎಂದರು ಅಜ್ಜಿ. ಆ ಮನೆಯಲ್ಲಿ ಅಕ್ಕರೆಗೆ ಕೊರತೆಯಿರಲಿಲ್ಲ. ಬಡತನವೊಂದನ್ನೇ ಕಾರಣವಾಗಿಸಿ ಇಂಥ ಮಕ್ಕಳನ್ನು ಸಂಸ್ಥೆಯಲ್ಲಿ ಉಳಿಸಿಕೊಳ್ಳುವುದು ಅನ್ಯಾಯವೆಂದು ನಾನು ನಂಬುತ್ತೇನೆ.

ತಾಯಿ ವಿಧವೆಯಾಗಿದ್ದರೆ 45ನೇ ಕಲಮಿನಡಿ ಪ್ರಾಯೋಜಕತ್ವಕ್ಕೆ, ಅಂದರೆ ಮಗುವಿನ ಪಾಲನೆಗಾಗಿ ಕುಟುಂಬಕ್ಕೆ ಕೊಡುವ ನೆರವಿಗೆ, ಅವಕಾಶವಿದೆ, ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಪ್ರತಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ದೊರೆಯುತ್ತದೆ. ಮಕ್ಕಳು ಇನ್ನೂ ಬಾಲಮಂದಿರದಲ್ಲಿರುವಾಗಲೇ ತಂದೆಯ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಖಾತೆ ಎಲ್ಲವನ್ನೂ ಹೊಂದಿಸಿ ಅರ್ಜಿಯನ್ನು ಪ್ರಾಯೋಜಕತ್ವದ ಅನುಮೋದನಾ ಸಮಿತಿಯ ಮುಂದಿಟ್ಟೆ. ಊರಿನ ಶಾಲೆಯವರು ವರ್ಗಾವಣೆ ಪತ್ರವಿಲ್ಲದೆ ಸೇರಿಸಿಕೊಳ್ಳಲು ಹಿಂಜರಿದರು. ಪತ್ರ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲವೆಂಬ 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮನ್ನು ತೋರಿಸಿದ ಮೇಲೆ ಒಪ್ಪಿದರು. ಮಂಜೂರಾತಿಯೂ ಶಾಲೆಯೂ ಖಚಿತವಾದ ಬಳಿಕವೇ ಮಕ್ಕಳನ್ನು ತಾಯಿಗೆ ಒಪ್ಪಿಸುವಂತೆ ಮಕ್ಕಳ ಕಲ್ಯಾಣ ಸಮಿತಿಯನ್ನು ಕೋರಿದೆ. ಆದೇಶ ಹಾಗೆಯೇ ಆಯಿತು. ನಂತರದ ಭೇಟಿಗಳಲ್ಲಿ ಮೊದಲು ನೋಡುತ್ತಿದ್ದುದು ಶಾಲೆಯ ಹಾಜರಿ ಪುಸ್ತಕವನ್ನು, ಏಕೆಂದರೆ ಮನೆಯಲ್ಲಿ ತೊಂದರೆಯಾದರೆ ಅದು ಮೊದಲು ಕಾಣುವುದು ದೊಡ್ಡ ಹುಡುಗಿಯ ಗೈರುಹಾಜರಿಯಲ್ಲಿ.

ಕಾಯ್ದೆಯು ಸಾಮಾಜಿಕ ತನಿಖೆಗೆ 15 ದಿನ, ಅಂತಿಮ ಆದೇಶಕ್ಕೆ 4 ತಿಂಗಳ ಗಡುವು ವಿಧಿಸಿರುವುದು ಒಳ್ಳೆಯದೇ. ಆದರೆ ಮಕ್ಕಳು ಮನೆಗೆ ಮರಳಿಯೂ ಪ್ರಾಯೋಜಕತ್ವದ ಹಣ ಬಾರದ ಮೊದಲ ತಿಂಗಳುಗಳಲ್ಲೇ ತಾಯಿ ಮತ್ತೆ ಗುಳೆ ಹೋಗುವುದರಿಂದ, ಕುಟುಂಬಕ್ಕೆ ಒಪ್ಪಿಸುವ ಆದೇಶದೊಂದಿಗೇ ಪ್ರಾಯೋಜಕತ್ವದ ಮಂಜೂರಾತಿಯೂ ಹೊರಬೀಳುವಂತೆ ನಿಯಮಕ್ಕೆ ತಿದ್ದುಪಡಿಯಾಗಬೇಕು.