ಬೇಸಿಗೆ ಏರುವ ಮುಂಚೆ ಕಂಪ್ಯೂಟರಿನ ಎಸ್‌ಎಂಪಿಎಸ್, ಫ್ಯಾನ್ ನೋಡಿಕೊಳ್ಳಿ

ದಾವಣಗೆರೆಯಲ್ಲಿ ಏಪ್ರಿಲ್ ಬಂತೆಂದರೆ ಮಧ್ಯಾಹ್ನ 38–39 ಡಿಗ್ರಿ ಮಾಮೂಲು. ಶೀಟಿನ ಮನೆ, ಮೇಲಂತಸ್ತಿನ ರೂಮು ಆದರೆ ಒಳಗೂ ಹೆಚ್ಚುಕಡಿಮೆ ಅದೇ ಕಾವು. ಕ್ಯಾಡ್ ಡ್ರಾಯಿಂಗ್ ರೆಂಡರ್ ಮಾಡುವಾಗಲೋ ಗೇಮ್ ಆಡುವಾಗಲೋ ಕಂಪ್ಯೂಟರ್ ಫಟ್ಟನೆ ಆಫ್ ಆಗುವುದು ಈ ದಿನಗಳಲ್ಲೇ ಜಾಸ್ತಿ. ತುಂಬಾ ಜನ ಆಗ ವಿಂಡೋಸ್ ಮತ್ತೆ ಹಾಕಿಸುತ್ತಾರೆ, ಇಲ್ಲವೇ ರ‍್ಯಾಮ್ ಬದಲಿಸುತ್ತಾರೆ. ಕಡಿಮೆ ಬೆಲೆಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಮೊದಲು ನೋಡಬೇಕಾದ್ದು ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಪೆಟ್ಟಿಗೆ) ಮತ್ತು ಗಾಳಿಯ ದಾರಿ. ಕೈಯಲ್ಲಿ ಇರುವ ದುಡ್ಡು ಕಡಿಮೆಯಾದರೆ, ಹೊಸ ಗ್ರಾಫಿಕ್ಸ್ ಕಾರ್ಡಿಗಿಂತ ಮುಂಚೆ ಈ ಎರಡಕ್ಕೇ ಹಾಕಿ.

ಎಲ್ಲಿ ತೊಂದರೆ ಎಂದು ಮೊದಲು ತಿಳಿಯಬೇಕು. ಎಚ್‌ಡಬ್ಲ್ಯುಮಾನಿಟರ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದನ್ನು ತೆರೆದಿಟ್ಟು ಭಾರದ ಕೆಲಸ ಕೊಡಿ. ಪ್ರೊಸೆಸರ್ 95–100 ಡಿಗ್ರಿ ಹತ್ತಿರ ಹೋಗಿ, ಫ್ಯಾನ್ ಜೋರಾಗಿ ಕೂಗಿ, ಕೆಲಸ ನಿಧಾನವಾದರೆ ಅದು ಬಿಸಿಯ ಸಮಸ್ಯೆ. ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಹಾಗಲ್ಲದೆ 65–70 ಡಿಗ್ರಿಯಲ್ಲೇ, ಗೇಮ್ ಶುರುವಾದ ಕೂಡಲೇ, ಸ್ವಿಚ್ ಆರಿಸಿದಂತೆ ಆಫ್ ಆದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರಿನಲ್ಲಿ ಕಾಣುವ ‘ಕರ್ನಲ್-ಪವರ್ 41’ ನೋಡಿ ಗಾಬರಿಯಾಗಬೇಡಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದು ಹೇಳುವುದು. ಕಾರಣ ಹೇಳುವುದಿಲ್ಲ.

ಚೀಟಿ ಓದುವುದು ಹೇಗೆ

ಕ್ಯಾಬಿನೆಟ್ ಜೊತೆಗೇ ಬರುವ ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ ‘450’ ಎಂದು ಬರೆದಿರುತ್ತದೆ. ಅದನ್ನು ನಂಬಬೇಡಿ. ಪಕ್ಕದ ಚೀಟಿಯಲ್ಲಿ +12ವಿ ಎಂಬ ಕಾಲಮ್ ಹುಡುಕಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟು ಎಳೆಯುವುದು ಮುಖ್ಯವಾಗಿ ಅಲ್ಲಿಂದ. ಅಲ್ಲಿ 16 ಆಂಪ್ಸ್ ಅಂತಿದ್ದರೆ 12ರಿಂದ ಗುಣಿಸಿ: 192 ವ್ಯಾಟ್. ಇಷ್ಟೇ ನಿಮಗೆ ನಿಜವಾಗಿ ಸಿಗುವುದು. ಒಳ್ಳೆಯ 550 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ ಇದೇ ಕಾಲಮ್ 40 ಆಂಪ್ಸ್ ಮೇಲಿರುತ್ತದೆ.

ಈಗ ನಿಮ್ಮ ಲೆಕ್ಕ ಹಾಕಿ. ಇಂಟೆಲ್ ಐ3-12100ಎಫ್ ಪ್ರೊಸೆಸರ್ ಹೆಚ್ಚೆಂದರೆ 89 ವ್ಯಾಟ್. ಆರ್‌ಎಕ್ಸ್ 6600 ಕಾರ್ಡ್ 132. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನು ಎಲ್ಲ ಸೇರಿ 50 ಇಟ್ಟುಕೊಳ್ಳಿ. ಒಟ್ಟು 271. ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರಕ್ಕೆ ಇದಕ್ಕಿಂತ ಜಾಸ್ತಿ ಎಳೆಯುತ್ತದೆ. ಹಾಗಾಗಿ 500–550 ವ್ಯಾಟ್ ತೆಗೆದುಕೊಂಡರೆ ನೆಮ್ಮದಿ. 750 ಬೇಕಿಲ್ಲ, ಸುಮ್ನೆ ದುಡ್ಡು ದಂಡ.

ವ್ಯಾಟಿಗಿಂತ ಮುಖ್ಯವಾದದ್ದು, ಆ ವ್ಯಾಟನ್ನು ಎಷ್ಟು ಬಿಸಿಯಲ್ಲಿ ಕೊಡುತ್ತದೆ ಎನ್ನುವುದು. ಅಗ್ಗದವು 25 ಡಿಗ್ರಿಯ ಲೆಕ್ಕ ಹೇಳುತ್ತವೆ. ನಮ್ಮೂರಿನ ಬೇಸಿಗೆಯಲ್ಲಿ ಕ್ಯಾಬಿನೆಟ್ ಒಳಗೆ 45 ಡಿಗ್ರಿ ಇರುವುದು ದೊಡ್ಡ ಮಾತಲ್ಲ. 40 ಅಥವಾ 50 ಡಿಗ್ರಿಯಲ್ಲೂ ಪೂರ್ತಿ ವ್ಯಾಟ್ ಕೊಡುತ್ತೇವೆ ಎಂದು ಕಂಪನಿ ಬರೆದಿದೆಯೇ ನೋಡಿ. ಒಳಗಿನ ಕೆಪಾಸಿಟರ್‌ಗಳು (ಕರೆಂಟು ಕೂಡಿಡುವ ಭಾಗಗಳು) 105 ಡಿಗ್ರಿಯವು ಆಗಿರಲಿ, 85ರವು ಬೇಡ. ಬಿಸಿ 10 ಡಿಗ್ರಿ ಏರಿದರೆ ಕೆಪಾಸಿಟರಿನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕರೆಂಟು ಕಡಿಮೆ ಪೋಲಾಗುತ್ತದೆ ಎನ್ನುವ ‘80 ಪ್ಲಸ್ ಬ್ರಾಂಜ್’ ಗುರುತು, ಐದು ವರ್ಷದ ವಾರಂಟಿ ಇದ್ದರೆ ಸಾಕು. ಚಿನ್ನದ ಬಣ್ಣದ ಗುರುತಿಗೆ ಆಸೆಪಡಬೇಕಿಲ್ಲ. ಒಳ್ಳೆಯ ಎಸ್‌ಎಂಪಿಎಸ್ ನಿಮ್ಮ ಮುಂದಿನ ಕಂಪ್ಯೂಟರಿಗೂ ಬರುತ್ತದೆ, ಮರೆಯಬೇಡಿ.

ಆಫೀಸುಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಬ್ರಾಂಡೆಡ್ ಡೆಸ್ಕ್‌ಟಾಪ್ ನಿಮ್ಮದಾದರೆ ಹೊಸ ಎಸ್‌ಎಂಪಿಎಸ್ ಕೊಳ್ಳುವ ಮುಂಚೆ ಮುಚ್ಚಳ ತೆಗೆದು ನೋಡಿ. ಅವುಗಳಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಮಾಮೂಲಿ 24 ಪಿನ್ ಕನೆಕ್ಟರ್ ಇರುವುದಿಲ್ಲ, ಎಸ್‌ಎಂಪಿಎಸ್ ಅಳತೆಯೂ ಬೇರೆ. ಅಂಗಡಿಯವರಿಗೆ ಫೋಟೊ ತೋರಿಸಿಯೇ ತನ್ನಿ.

ಬದಲಿಸುವ ಕೆಲಸ

ಬೇಕಾದ್ದು ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಪೇಂಟ್ ಬ್ರಷ್, ಅರ್ಧ ದಿನದ ಪುರುಸೊತ್ತು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟು ಖಾಲಿಯಾಗಲಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ ಕೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ಜೀವಕ್ಕೆ ಅಪಾಯ.

ಎಲ್ಲ ವೈರುಗಳು ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಒಂದೊಂದೇ ಕನೆಕ್ಟರ್ ಬಿಡಿಸಿ. ಕೊಕ್ಕೆ ಒತ್ತಿದರೆ ತಾನಾಗಿ ಬರುತ್ತದೆ, ಜಗ್ಗಬೇಡಿ. ಹಿಂಬದಿಯ ನಾಲ್ಕು ಸ್ಕ್ರೂ ತೆಗೆದರೆ ಹಳೆಯದು ಹೊರಗೆ. ಹೊಸದನ್ನು ಕೂರಿಸುವಾಗ ಅದರ ಫ್ಯಾನಿಗೆ ಗಾಳಿ ಸಿಗುವಂತಿರಲಿ. ಕ್ಯಾಬಿನೆಟ್ಟಿನ ತಳದಲ್ಲಿ ತೂತುಗಳಿದ್ದರೆ ಫ್ಯಾನ್ ಕೆಳಮುಖ, ಇಲ್ಲದಿದ್ದರೆ ಮೇಲ್ಮುಖ.

ಕನೆಕ್ಟರ್‌ಗಳಲ್ಲಿ ಎಡವುವುದು ಒಂದೇ ಕಡೆ. ಪ್ರೊಸೆಸರಿನ 8 ಪಿನ್ ಮತ್ತು ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡಲು ಒಂದೇ ಥರ. ಪ್ರೊಸೆಸರಿನದು ನಾಲ್ಕು-ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದು ಆರು-ಎರಡಾಗಿ. ಒಂದನ್ನು ಇನ್ನೊಂದರ ಜಾಗಕ್ಕೆ ಒತ್ತಿ ತುರುಕಬೇಡಿ. ಕೇಬಲ್ ಬಿಡಿಸಿಡುವ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಹಳೆಯದರ ಕೇಬಲ್ ಹೊಸದಕ್ಕೆ ಹಾಕಲೇಬಾರದು. ಪ್ಲಗ್ ಹೊಂದಿದರೂ ಒಳಗಿನ ವೈರಿನ ಕ್ರಮ ಬೇರೆ ಇರುತ್ತದೆ, ಹಾರ್ಡ್ ಡಿಸ್ಕ್ ಸುಟ್ಟೇಹೋಗಬಹುದು.

ಗಾಳಿಗೆ ದಾರಿ

ಪ್ರೊಸೆಸರಿನ ಬಿಸಿ ಹೀರಿಕೊಳ್ಳುವ ಲೋಹದ ಹೀಟ್‌ಸಿಂಕ್ ರೂಮಿನ ಗಾಳಿಗಿಂತ ತಣ್ಣಗಾಗಲು ಸಾಧ್ಯವಿಲ್ಲ. ಜನವರಿಯಲ್ಲಿ ರೂಮು 25 ಡಿಗ್ರಿ ಇದ್ದಾಗ 75ಕ್ಕೆ ನಿಲ್ಲುವ ಪ್ರೊಸೆಸರ್, ಏಪ್ರಿಲ್‌ನ 38ರಲ್ಲಿ ಅದೇ ಕೆಲಸಕ್ಕೆ 88 ಮುಟ್ಟುತ್ತದೆ. ಆ 13 ಡಿಗ್ರಿಯನ್ನು ನಾವು ಬೇರೆ ಕಡೆ ಗಳಿಸಬೇಕು.

ಮೊದಲು ದೂಳು. ಹಳೇ ಊರಿನ ಕಡೆಯ, ಮಂಡಕ್ಕಿ ಭಟ್ಟಿಗಳ ಹತ್ತಿರದ ಅಂಗಡಿಗಳ ಕಂಪ್ಯೂಟರ್ ತೆರೆದು ನೋಡಿ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಹೊಗೆಯ ಮಸಿ, ಬಟ್ಟೆಯ ನಾರು, ರಸ್ತೆಯ ದೂಳು ಮೂರೂ ಸೇರಿ ಕಂಬಳಿಯ ಹಾಗೆ ಅಂಟಿಕೊಂಡಿರುತ್ತವೆ. ಬರೀ ಊದಿದರೆ ಹೋಗುವುದಿಲ್ಲ. ಫ್ಯಾನ್ ಬಿಚ್ಚಿ, ಬ್ರಷ್‌ನಿಂದ ರೆಕ್ಕೆಗಳ ಉದ್ದಕ್ಕೆ ಎಳೆದು, ಆಮೇಲೆ ಬ್ಲೋವರ್ ಹಿಡಿಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟುಕೊಳ್ಳಿ. ಅತಿ ವೇಗಕ್ಕೆ ಬೇರಿಂಗ್ ಹೋಗುತ್ತದೆ.

ಆಮೇಲೆ ಥರ್ಮಲ್ ಪೇಸ್ಟ್, ಅಂದರೆ ಪ್ರೊಸೆಸರಿನ ಬಿಸಿ ಹೀಟ್‌ಸಿಂಕಿಗೆ ಚೆನ್ನಾಗಿ ದಾಟಲು ಎರಡರ ನಡುವೆ ಹಚ್ಚುವ ಲೇಪ. ಕೂಲರ್ (ಹೀಟ್‌ಸಿಂಕ್ ಮತ್ತು ಅದರ ಫ್ಯಾನ್) ತೆಗೆಯುವ ಮುಂಚೆ ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಆಫ್ ಮಾಡಿ, ಪೇಸ್ಟ್ ಮೆತ್ತಗಾಗಲಿ. ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಎಎಂಡಿ ರೈಜನ್ ಪ್ರೊಸೆಸರ್ ಇದ್ದವರಿಗೆ ಇದು ತುಂಬಾ ಮುಖ್ಯ. ಒಣಗಿದ ಪೇಸ್ಟ್ ಕೂಲರಿನ ಜೊತೆ ಪ್ರೊಸೆಸರನ್ನೂ ಸಾಕೆಟ್ಟಿನಿಂದ ಕಿತ್ತುಕೊಂಡು ಬರುತ್ತದೆ, ಪಿನ್ನುಗಳು ಬಾಗುತ್ತವೆ. ಕೂಲರನ್ನು ನಿಧಾನಕ್ಕೆ ಎಡಕ್ಕೆ-ಬಲಕ್ಕೆ ತಿರುಚಿ, ಸಡಿಲವಾದ ಮೇಲಷ್ಟೇ ಎತ್ತಿ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಹೊಸದು ಒಂದು ಕಡಲೆಕಾಳಿಗಿಂತ ಚಿಕ್ಕದಾಗಿ ನಡುವೆ ಇಟ್ಟರೆ ಸಾಕು, ಕೂಲರಿನ ಒತ್ತಡಕ್ಕೆ ತಾನೇ ಹರಡುತ್ತದೆ. ಇಂಟೆಲ್ ಕೂಲರಿನ ನಾಲ್ಕು ಕಾಲುಗಳನ್ನು ಎದುರುಬದುರು ಮೂಲೆಯಿಂದ ಒತ್ತಿ. ‘ಟಕ್’ ಎನ್ನಬೇಕು. ಒಂದು ಕಾಲು ಕೂರದಿದ್ದರೂ ಬಿಸಿ ಏರುತ್ತದೆ.

ಕೊನೆಗೆ ಕ್ಯಾಬಿನೆಟ್ ಫ್ಯಾನ್. ಮುಂದೆ ಒಂದು 120 ಎಂಎಂ, ಹಿಂದೆ ಒಂದು. ಮುಂದಿನದು ಗಾಳಿ ಒಳಗೆಳೆಯಬೇಕು, ಹಿಂದಿನದು ಹೊರಹಾಕಬೇಕು. ಫ್ಯಾನಿನ ಒಂದು ಮಗ್ಗುಲಲ್ಲಿ ಮೋಟಾರು ಹಿಡಿದಿರುವ ಕಡ್ಡಿಗಳು ಕಾಣುತ್ತವಲ್ಲ, ಗಾಳಿ ಹೊರಬೀಳುವುದು ಆ ಕಡೆಯಿಂದ. ಮುಂಭಾಗ ಪೂರ್ತಿ ಗಾಜು ಇರುವ ಕ್ಯಾಬಿನೆಟ್ ಚೆಂದ ಕಾಣುತ್ತದೆ ನಿಜ, ನಮ್ಮೂರಿಗೆ ಜಾಲರಿಯದೇ ಒಳ್ಳೆಯದು. ಜಾಲರಿಯ ಹಿಂದೆ ದೂಳಿನ ಫಿಲ್ಟರ್ ಇರಲಿ. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ವಿಂಡೋಸ್‌ಗಿಂತ ಮುಂಚೆ ತೆರೆಯುವ ಸೆಟ್ಟಿಂಗ್) ಫ್ಯಾನ್ ವೇಗ 60 ಡಿಗ್ರಿಯಿಂದಲೇ ಏರುವಂತೆ ಇಟ್ಟರೆ ಬಿಸಿ ಕೈಮೀರುವುದಿಲ್ಲ.

ಅರ್ಥಿಂಗ್ ಮತ್ತು ಯುಪಿಎಸ್

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಹೆಚ್ಚಾಗಿ ಮನೆಯ ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಇಲ್ಲ ಎಂದು ಅರ್ಥ. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನಿಂದ ಸಣ್ಣ ಸೋರಿಕೆ ಸಹಜ, ಅದು ಭೂಮಿಗೆ ಇಳಿಯಬೇಕು. ಹೊಸ ಎಸ್‌ಎಂಪಿಎಸ್ ಹಾಕುವ ದಿನವೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ ಅಡಾಪ್ಟರ್ ಹಾಕುವುದು ಬೇಡವೇ ಬೇಡ. ಮಾಮೂಲಿ 600 ವಿಎ ಯುಪಿಎಸ್ ತಾಳುವುದು 360 ವ್ಯಾಟ್ ಮಾತ್ರ. ಮೇಲಿನ 271 ವ್ಯಾಟ್‌ಗೆ ಮಾನಿಟರಿನದು ಸೇರಿಸಿದರೆ ಅಂಚಿಗೆ ಬರುತ್ತೀರಿ. 1000 ವಿಎ ನೋಡಿ.

ಎಲ್ಲ ಕೂರಿಸಿದ ಮೇಲೆ ಬಯೋಸ್‌ಗೆ ಹೋಗಿ 12 ವೋಲ್ಟ್ ಸಾಲು ನೋಡಿ. 11.4ರಿಂದ 12.6ರ ಒಳಗಿರಬೇಕು. ಮಧ್ಯಾಹ್ನ ಎರಡು ಗಂಟೆಗೆ, ರೂಮಿನ ಕಾವು ಜಾಸ್ತಿ ಇರುವ ಹೊತ್ತಿನಲ್ಲೇ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ನೋಡಿ. ಪ್ರೊಸೆಸರ್ 85ರ ಒಳಗೆ ನಿಂತರೆ ಮುಚ್ಚಳ ಹಾಕಿ, ಸ್ಕ್ರೂ ಬಿಗಿ ಮಾಡಿ. ಅದಕ್ಕಿಂತ ಮೇಲೇರಿದರೆ ಕೂಲರಿನ ಕಾಲುಗಳನ್ನು ಇನ್ನೊಮ್ಮೆ ಒತ್ತಿ ನೋಡಿ.